ಅಕ್ಕ ಹುಡುಕಿ ತಂದ ಹೆಸರು

ನಮ್ಮಕ್ಕನ ಎಡಗೈಯ ತೋರುಬೆರಳಿನಲ್ಲಿ ಒಂದು ಗೆರೆ ಇತ್ತು. ಹುಟ್ಟಿನಿಂದ ಬಂದದ್ದಲ್ಲ, ನೂಲು ಕೊರೆದದ್ದು. ರಬಕವಿಯಲ್ಲಿ ಅವಳು ಗಂಡನ ಮಗ್ಗಗಳಿಗೆ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆಗೆ ನೂಲು ತುಂಬುವ ಕೆಲಸ ಅದು. ಬಲಗೈ ರಾಟೆ ತಿರುಗಿಸುತ್ತಿತ್ತು, ನೂಲು ಎಡಗೈ ಬೆರಳನ್ನು ಸವರಿಕೊಂಡು ಓಡುತ್ತಿತ್ತು. ಆ ವಾರ ಕೆಂಪು ನೂಲಾದರೆ ಗೆರೆ ಕೆಂಪು, ಹಸಿರಾದರೆ ಹಸಿರು. ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇದೆ ಎಂದು ನಾನು ಅವಳ ಬೆರಳು ನೋಡಿಯೇ ಹೇಳುತ್ತಿದ್ದೆ.

ಕೊನೆಯ ಎಂಟು ವರ್ಷಗಳಲ್ಲಿ ಆ ಗೆರೆ ಮಾಸಿಹೋಯಿತು. ಮಾಸಿದ್ದು ನನ್ನಿಂದ. ಅಕ್ಕನಿಗೆ ಅದು ಗೊತ್ತಿರಲಿಲ್ಲ. ಹೇಳಬೇಕಾದವನು ನಾನು, ಹೇಳಲಿಲ್ಲ.

ನಾನು ಮೂರು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಅಕ್ಕನಿಗೆ ಆಗ ಹನ್ನೆರಡು. ಮುಂದೆ ನಾಲ್ಕು ವರ್ಷಕ್ಕೆ ಅಪ್ಪ ಅವಳ ಮದುವೆ ಮಾಡಿದ. ಮುಧೋಳದ ಕಡೆಯ ನಮ್ಮ ಹಳ್ಳಿಯಿಂದ ರಬಕವಿಗೆ ಹೊರಟಾಗ ಅವಳು ಬುತ್ತಿ ಗಂಟಿನ ಜೊತೆ ನನ್ನನ್ನೂ ಕರೆದುಕೊಂಡೇ ಬಸ್ಸು ಹತ್ತಿದಳಂತೆ. ಅವಳ ಗಂಡ, ಅಂದರೆ ನಮ್ಮ ಮಾವ, ಈಗಲೂ ಅದನ್ನು ಹೇಳಿ ನಗುತ್ತಾನೆ: "ಎಲ್ಲಾರಿಗೂ ಬಳುವಳಿ ಅಂತ ಹಸುವಿನ ಕರ ಕೊಡ್ತಾರ. ನನಗ ಉಣ್ಣೂ ಕರ ಕೊಟ್ರು."

ಸಾಲೆ ನನ್ನ ತಲೆಗೆ ಹತ್ತಲಿಲ್ಲ. ಐದನೆಯ ಇಯತ್ತೆಗೆ ಬಿಟ್ಟೆ. ಮಗ್ಗವೂ ಕೈಗೆ ಹತ್ತಲಿಲ್ಲ. ಹದಿನೆಂಟಕ್ಕೆ ಸಮೀರವಾಡಿ ಕಡೆ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಸೇರಿದೆ. ಕಬ್ಬಿನ ಪಾಕವನ್ನು ಹರಳುಗಟ್ಟುವವರೆಗೆ ಕುದಿಸುವ ದೊಡ್ಡ ಪಾತ್ರೆಗೆ ಪ್ಯಾನ್ ಎನ್ನುತ್ತಾರೆ. ಅಲ್ಲಿ ನಿಂತು ಕಲಿತೆ. ಒಂದು ಹನಿ ಪಾಕವನ್ನು ಗಾಜಿನ ಮೇಲೆ ಎಳೆದು ಬೆಳಕಿಗೆ ಹಿಡಿದರೆ ಹರಳು ಎಷ್ಟಾಗಿದೆ ಎಂಬುದನ್ನು ಕಣ್ಣು ಹೇಳಬೇಕು. ಅದಕ್ಕೆ ಓದು ಬೇಕಿರಲಿಲ್ಲ.

ಅಕ್ಕನೂ ಹೆಚ್ಚು ಓದಿದವಳಲ್ಲ. ಆದರೆ ಕೇಳುವುದಕ್ಕೆ ಅವಳಿಗೆ ಅಂಜಿಕೆ ಇರಲಿಲ್ಲ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಡ್ರೈವರನನ್ನು ಒಮ್ಮೆ, ಕಂಡಕ್ಟರನನ್ನು ಒಮ್ಮೆ, ಪಕ್ಕದಲ್ಲಿ ಕೂತವರನ್ನು ಒಮ್ಮೆ ಕೇಳುತ್ತಿದ್ದಳು. ಒಂದು ಕಚೇರಿಯಲ್ಲಿ "ನಾಳೆ ಬಾ" ಎಂದವನಿಗೆ, "ನಾಳಿ ನೀವ ಇರ್ತೀರೋ, ನಿಮ್ಮ ಕುರ್ಚಿ ಅಷ್ಟ ಇರತೈತ್ಯೋ? ಮೊದಲ ಹೇಳ್ರಿ, ನಾ ಕುರ್ಚಿಗೆ ನಮಸ್ಕಾರ ಮಾಡಾಕ ರಬಕವಿಯಿಂದ ಬರೂದಿಲ್ಲ" ಎಂದಿದ್ದಳು. ನಾನು ನಾಚಿ ಅವಳ ಸೆರಗು ಜಗ್ಗಿದರೆ, "ಕೇಳಿದ್ರ ಬಾಯಿ ಸವೆಯೂದಿಲ್ಲೋ ತಮ್ಮಾ" ಎನ್ನುವಳು.

ಅವಳ ಇನ್ನೊಂದು ಮಾತು ರಾಟೆಯ ಮುಂದೆ ಕಲಿತದ್ದು. ನಾನು ಕಂಡಿಕೆ ಸುತ್ತುವಾಗ ನೂಲು ಹರಿದರೆ, ಹರಿದ ತುದಿಯನ್ನು ಹಾಗೇ ಒಳಗೆ ಒತ್ತಿ ಮೇಲೆ ಸುತ್ತಿಬಿಡುತ್ತಿದ್ದೆ. ಅದು ಅವಳಿಗೆ ಹೇಗೋ ಗೊತ್ತಾಗುತ್ತಿತ್ತು. ಬಿಚ್ಚಿಸಿ, ತಲೆಗೆ ಒಂದು ಮೊಟಕಿ ಹೇಳುವಳು: "ಎಳಿ ಹರದ್ರ ಗಂಟ ಹಾಕು, ಮುಚ್ಚಬ್ಯಾಡ. ಗಂಟ ಹಾಕಿದ್ದ ಕೈಗೆ ಹತ್ತತೈತಿ ಅಷ್ಟ. ಮುಚ್ಚಿದ್ದು ಸೀರ್ಯಾಗ ತೂತಾಗಿ ಕಾಣತೈತಿ."

ಆ ಮನೆಯಲ್ಲಿ ನಮ್ಮ ಜೊತೆ ಒಂದು ಹೆಣ್ಣು ನಾಯಿಯೂ ಬೆಳೆಯಿತು. ಮುಧೋಳ ತಳಿಯದು, ತೆಳ್ಳನೆಯ ಹೊಟ್ಟೆ, ಕಡ್ಡಿಯಂಥ ಕಾಲು. ತಿಮ್ಮಾಪುರದ ಕಡೆಯ ಪರಿಚಯದವರಿಂದ ಮರಿ ಇದ್ದಾಗ ನಾನೇ ತಂದದ್ದು. ಹೆಸರು ರಾಣಿ ಎಂದಿಟ್ಟೆ. "ಮಂದಿಗೆ ರೊಟ್ಟಿ ಇಲ್ಲ, ಮನ್ಯಾಗ ರಾಣಿ ಬ್ಯಾರೆ" ಎಂದು ಬೈಯುತ್ತಲೇ ಅಕ್ಕ ಅದಕ್ಕೆ ರೊಟ್ಟಿ ಮುರಿದು ಹಾಕುತ್ತಿದ್ದಳು. ಅದು ಅವಳ ರಾಟೆಯ ಪಕ್ಕದಲ್ಲೇ ಮಲಗುತ್ತಿತ್ತು. ನಾಯಿಯ ಮಾತು ಇಲ್ಲಿ ಯಾಕೆ ಬಂತು ಎನ್ನುವುದನ್ನು ಮುಂದೆ ಹೇಳುತ್ತೇನೆ. ಹೇಳಲಿಕ್ಕೆ ನಾಚಿಕೆಯಾಗುತ್ತದೆ.

ಒಂಬತ್ತು ವರ್ಷದ ಹಿಂದೆ ಯುಗಾಂಡಾದ ಒಂದು ಸಕ್ಕರೆ ಕಾರ್ಖಾನೆಗೆ ಪ್ಯಾನ್ ನಡೆಸುವವರು ಬೇಕಾಗಿದ್ದರು. ನಮ್ಮ ಕಡೆಯಿಂದ ಮೊದಲೇ ಕೆಲವರು ಹೋಗಿದ್ದರು. ನಾನೂ ಹೊರಟೆ. ಅಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಬಸ್ ನಿಲ್ದಾಣದಲ್ಲಿ ಅವಳು ಅಳಲಿಲ್ಲ. "ತಿಳೀದಿದ್ರ ಕೇಳು. ಅಲ್ಲೂ ಮಂದಿನ ಇರ್ತಾರ" ಎಂದಳು.

ನಾನು ಅಲ್ಲಿ ಮುಟ್ಟಿದ ಮೊದಲ ವಾರದಲ್ಲೇ ಕಂಪನಿಯವರು ಬ್ಯಾಂಕ್ ಖಾತೆ ತೆರೆಯಲು ಕಳಿಸಿದರು. ಖಾತೆ ಇಲ್ಲದಿದ್ದರೆ ಸಂಬಳ ಇಲ್ಲ. ಜೊತೆಗೆ ನಮ್ಮ ಆಫೀಸಿನ ಗುಜರಾತಿ ಗುಮಾಸ್ತರು ಬಂದಿದ್ದರು. ಅವರು ಇಂಗ್ಲಿಷನ್ನು ಹಿಂದಿ ಮಾಡಿ ಹೇಳುವರು, ನಾನು ಹಿಂದಿಯನ್ನು ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳುವೆನು. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು.

ಗಾಜಿನ ಆಚೆ ಸಣ್ಣ ಸಣ್ಣ ಜಡೆ ಹೆಣೆದುಕೊಂಡ ಹುಡುಗಿ ಕೂತಿದ್ದಳು. ಒಳ್ಳೆಯವಳು, ನಗುನಗುತ್ತಲೇ ಕೇಳುತ್ತಿದ್ದಳು. ಮನೆ ಯಾವ ಬೀದಿಯಲ್ಲಿದೆ? ನಾವಿದ್ದದ್ದು ಕಾರ್ಖಾನೆಯಲ್ಲಿ ಸಕ್ಕರೆ ತೆಗೆದುಳಿದ ಕಾಕಂಬಿ ತುಂಬುವ ಟಾಕಿಯ ಹಿಂದಿನ ಖೋಲಿಯಲ್ಲಿ, ಅದಕ್ಕೆ ಬೀದಿಯೇ ಇರಲಿಲ್ಲ. ಗುಮಾಸ್ತರು ಕಂಪನಿಯ ಅಂಚೆ ಪೆಟ್ಟಿಗೆ ನಂಬರು ಬರೆಸಿದರು. ನಾನು ಪೆಟ್ಟಿಗೆಯಲ್ಲಿ ಇರುತ್ತೇನೆಂದು ಇವರು ತಿಳಿಯುವುದಿಲ್ಲವೇ ಎಂದು ನನಗೆ ಗಾಬರಿ. ಆಮೇಲೆ ಮೂರು ಕಡೆ ಸಹಿ ಕೇಳಿದಳು. ನಾನು ಸಹಿ ಮಾಡುವುದು ಕನ್ನಡದಲ್ಲಿ. ಅವಳು ಮೂರನ್ನೂ ಒಂದರ ಪಕ್ಕ ಒಂದಿಟ್ಟು ಬೆರಳಿಟ್ಟು ತೋರಿಸಿದಳು. ಮೂರೂ ಬೇರೆ. ಮತ್ತೆ ಮಾಡಿಸಿದಳು, ಮತ್ತೆ ಬೇರೆ. ನನ್ನ ಹೆಸರನ್ನು ನಾನೇ ಒಂದೇ ಥರ ಬರೆಯಲಾರೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಿಂದೆ ಸಾಲು ಬೆಳೆದಿತ್ತು. ಅಂಗಿ ಬೆನ್ನಿಗೆ ಅಂಟಿತ್ತು.

ಆಗ ಆ ಪ್ರಶ್ನೆ ಬಂತು. ನಿನ್ನ ತಾಯಿಗೆ ಮದುವೆಗಿಂತ ಮೊದಲು ಇದ್ದ ಹೆಸರೇನು? ಮುಂದೆ ಫೋನಿನಲ್ಲಿ ಬ್ಯಾಂಕಿನವರು ನೀನು ನೀನೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಇದನ್ನೇ ಕೇಳುತ್ತಾರೆ. ಇದು ಗುಟ್ಟಿನ ಮಾತು, ಯಾರಿಗೂ ಹೇಳಬಾರದು.

ಬೇರೆ ಕಡೆ ಮದುವೆಯಾದರೆ ಅಡ್ಡಹೆಸರು ಮಾತ್ರ ಬದಲಾಗುತ್ತದಂತೆ. ನಮ್ಮ ಮನೆತನಗಳಲ್ಲಿ ಹೆಣ್ಣಿನ ಹೆಸರೇ ಬದಲಾಗುತ್ತದೆ. ತೊಟ್ಟಿಲಲ್ಲಿ ಇಟ್ಟ ಹೆಸರು ತವರಲ್ಲೇ ಉಳಿಯುತ್ತದೆ, ಗಂಡನ ಮನೆಯವರು ತಮ್ಮದೊಂದು ಇಡುತ್ತಾರೆ. ಅವ್ವನಿಗೆ ನಮ್ಮ ಮನೆಯಲ್ಲಿ ಇಟ್ಟ ಹೆಸರು ನನಗೆ ಗೊತ್ತಿತ್ತು. ತೊಟ್ಟಿಲ ಹೆಸರು ಗೊತ್ತಿರಲಿಲ್ಲ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಗುಮಾಸ್ತರ ಫೋನು ಇಸಿದುಕೊಂಡು ಅಕ್ಕನಿಗೆ ಹಚ್ಚಿದೆ.

"ಅಕ್ಕಾ, ಅವ್ವನ ತೊಟ್ಟಿಲ ಹೆಸರ ಏನ? ಬ್ಯಾಂಕಿನ್ಯಾಗ ಕೇಳಾಕತ್ತಾರ."

"ಅವ್ವಂದೇನ? ಆಕಿ ಸತ್ತ ಮೂವತ್ತ ವರ್ಷ ಆತಲ್ಲೋ. ರೊಕ್ಕ ತಗೀಯಾಕ ಆಕಿ ಬರ್ತಾಳೇನ?"

"ಚ್ಯಾಷ್ಟಿ ಬ್ಯಾಡಕ್ಕಾ. ಹೆಸರ ಹೇಳದಿದ್ರ ಖಾತೆ ಇಲ್ಲ, ಖಾತೆ ಇಲ್ಲದಿದ್ರ ಸಂಬಳ ಇಲ್ಲ. ಹೊಳ್ಳಿ ಕಳಸ್ತಾರ ನನ್ನ."

ಅಕ್ಕ ರಾಟೆ ನಿಲ್ಲಿಸಿದ್ದು ಫೋನಿನಲ್ಲೇ ಕೇಳಿಸಿತು. ಆಮೇಲೆ, "ತವರವ್ರು ತಂಗಿ, ತಂಗಿ ಅಂತಿದ್ರು. ಹೆಸರ ನನಗೂ ಗೊತ್ತಿಲ್ಲಲ್ಲೋ... ತಡಿ, ಅಂಜಬ್ಯಾಡ, ಕೇಳಿ ಹೇಳ್ತೇನಿ" ಎಂದಳು. ಫೋನು ಕಡಿಯಿತು.

ಗುಮಾಸ್ತರಿಗೆ ತಡವಾಗುತ್ತಿತ್ತು. ಯಾವುದಾದರೂ ಒಂದು ಹೆಂಗಸಿನ ಹೆಸರು ಹೇಳಪ್ಪ, ಯಾರೂ ನಿಮ್ಮೂರಿಗೆ ಬಂದು ನೋಡುವುದಿಲ್ಲ, ಮನೆಯ ಹೆಂಗಸರದು ಮಾತ್ರ ಬೇಡ, ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದರು. ಹುಡುಗಿ ಪೆನ್ನು ಹಿಡಿದು ನನ್ನ ಬಾಯಿ ನೋಡುತ್ತಿದ್ದಳು. ಲೋಕದಲ್ಲಿ ಎಷ್ಟು ಹೆಂಗಸರ ಹೆಸರುಗಳಿವೆ! ನನ್ನ ತಲೆಯಲ್ಲಿ ಒಂದೂ ಇರಲಿಲ್ಲ. ಬಾಯಿಗೆ ಬಂದದ್ದು ಒಂದೇ.

"ರಾಣಿ" ಎಂದೆ.

ಹುಡುಗಿ ಬರೆದುಕೊಂಡಳು. ಚೆಂದದ ಹೆಸರು, ನಿನ್ನ ತಾಯಿ ರಾಣಿಯ ಹಾಗೇ ಇದ್ದಿರಬೇಕು ಎಂದಳಂತೆ. ಗುಮಾಸ್ತರು ಅದನ್ನೂ ಹಿಂದಿ ಮಾಡಿ ಹೇಳಿದರು. ಅರ್ಧ ಗಂಟೆಯಲ್ಲಿ ಖಾತೆ ಆಯಿತು.

ಆ ದಿನ ಸಂಜೆಯೇ ಅಕ್ಕನಿಗೆ ಫೋನು ಮಾಡಬೇಕಿತ್ತು. ಪಾಳಿ ಇತ್ತು, ನನ್ನ ಫೋನಿಗೆ ಸಿಮ್ ಇನ್ನೂ ಬಂದಿರಲಿಲ್ಲ ಎನ್ನುವುದೆಲ್ಲ ನಿಜ. ಆದರೆ ಮರುದಿನ ಫೋನು ಸಿಕ್ಕಿತು, ನಾನು ಮಾಡಿದೆ. ಅಕ್ಕನೇ ಎತ್ತಿದಳು.

"ನಾಳಿ ಮುಂಜಾನಿ ಬೀಳಗಿ ಗಾಡಿಗೆ ಹೊಂಟೇನಿ ತಮ್ಮಾ. ಅವ್ವನ ತವರೂರವ್ರು ಯಾರರ ಸಿಕ್ಕ ಸಿಗ್ತಾರ. ಬ್ಯಾಂಕಿನವ್ರು ಎಷ್ಟ ದಿನಾ ತಡೀತಾರ?"

ಖಾತೆ ಆಗಿದೆ, ನೀನು ಹೋಗಬೇಡ. ಇಷ್ಟೇ ಹೇಳಬೇಕಿತ್ತು. ಆದರೆ ಹೇಳಿದರೆ ಅವಳು ಕೇಳುತ್ತಾಳೆ, ಏನಂತ ಬರೆಸಿದಿ? ಕೇಳದೆ ಬಿಡುವವಳೇ ಅಲ್ಲ. ಅವ್ವನ ಜಾಗದಲ್ಲಿ ನಾಯಿಯ ಹೆಸರು ಬರೆಸಿದ್ದೇನೆಂದು ಅವಳಿಗೆ ಹೇಗೆ ಹೇಳಲಿ? ಬೇರೆ ಯಾವುದೋ ಸುಳ್ಳು ಹೆಸರು ಹೇಳಬಹುದಿತ್ತು. ಅದೂ ಹೊಳೆಯಲಿಲ್ಲ.

"ಎಂಟ ದಿನಾ ಕೊಟ್ಟಾರಕ್ಕಾ" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ನಾಚಿಕೆ ಎನ್ನುತ್ತೇನೆ. ಒಮ್ಮೊಮ್ಮೆ ಅದೂ ಅಲ್ಲ ಎನಿಸುತ್ತದೆ. ಪರದೇಶದಲ್ಲಿ ಒಬ್ಬನೇ ಇದ್ದಾಗ ಊರಲ್ಲಿ ಒಂದು ಜೀವ ನನಗಾಗಿ ಬಸ್ಸು ಹತ್ತುತ್ತಿದೆ ಎಂಬುದು ಹಿತವಾಗಿತ್ತೇನೋ. ಯಾವುದು ಖರೆ ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ.

ಮುಂದಿನದು ಅಕ್ಕನೂ ಮಾವನೂ ಹೇಳಿದ್ದು. ಅವ್ವನ ತವರೂರು ಹೊಳೆಯ ದಂಡೆಯಲ್ಲಿತ್ತು. ಆಣೆಕಟ್ಟಿನ ಹಿನ್ನೀರು ಬಂದು ಮುಳುಗಿ ಬಹಳ ವರ್ಷವಾಗಿದೆ. ಮಂದಿಯನ್ನು ಎತ್ತರದ ಬಯಲಿಗೆ ತಂದು ಹೊಸ ಊರು ಕಟ್ಟಿಸಿದ್ದಾರೆ. ಅಕ್ಕ ಆ ಹೊಸ ಊರನ್ನು ನೋಡಿಯೇ ಇರಲಿಲ್ಲ. ಅಲ್ಲಿ ಮನೆಗಳಿಗೆ ನಂಬರು, ಓಣಿಗಳು ಗೆರೆ ಎಳೆದ ಹಾಗೆ, ಯಾರ ಪಕ್ಕಕ್ಕೆ ಯಾರಿದ್ದರು ಎನ್ನುವುದೆಲ್ಲ ಕಲಸಿಹೋಗಿದೆ. ಮೊದಲ ದಿನ ಅವಳು ಬಿಸಿಲಲ್ಲಿ ಬಾಗಿಲು ಬಾಗಿಲು ತಿರುಗಿದಳು. ಒಂದು ಕಟ್ಟೆಯ ಮೇಲೆ ಕೂತ ಗಂಡಸರು ನಕ್ಕರು.

"ಮಂದಿ ಹೊಲದ ಉತಾರ ಕಾಗದ ಹುಡುಕ್ಕೊಂಡ ಬರ್ತಾರ. ನೀ ಏನವಾ, ಹಡದವ್ವನ ಹೆಸರ ಹುಡುಕ್ಕೊಂಡ ಬಂದಿ?"

"ಹೊಲದ್ದು ಕಚೇರ್ಯಾಗ ಸಿಗತೈತ್ರೀ" ಎಂದಳಂತೆ ಅಕ್ಕ. "ಹೆಂಗಸರ ಹೆಸರ ಯಾವ ಕಚೇರ್ಯಾಗ ಸಿಗತೈತಿ ಹೇಳ್ರಿ, ಅಲ್ಲೇ ಹೋಗಿ ಕೇಳ್ತೇನಿ."

ಅವರು ನಗು ನಿಲ್ಲಿಸಿ ಚಹಾ ತರಿಸಿಕೊಟ್ಟರು. ಹೆಸರು ಸಿಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದಳು. ಆ ಸಲ ಕೊನೆಯ ಓಣಿಯಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿ ಸಿಕ್ಕಳು. ಅಕ್ಕನ ಕೆನ್ನೆ ಮುಟ್ಟಿ ನೋಡಿ, "ನಿಮ್ಮವ್ವನ ಕೂಡ ಹೊಳಿ ನೀರಿಗೆ ಹೋಗ್ತಿದ್ನೆವ್ವಾ ನಾ. ಆಕಿ ಕೊಡಾ ಯಾವಾಗೂ ಅರ್ಧನ ತುಂಬತಿತ್ತು, ಅಷ್ಟ ಮಾತಾಡಾಕಿ" ಎಂದು ಹೇಳಿ, ಹೆಸರನ್ನೂ ಹೇಳಿದಳು. ಅವ್ವ ಮಾತುಗಾತಿ ಎಂಬುದು ನಮಗಿಬ್ಬರಿಗೂ ಮೊದಲ ಸಲ ಗೊತ್ತಾದದ್ದು ಹಾಗೆ.

ವಾಪಸು ಬರುವಾಗ ಜಮಖಂಡಿಯಲ್ಲಿ ಬಸ್ಸು ಬದಲಿಸಬೇಕು. ಇಳಿಯುವ ಅವಸರದಲ್ಲಿ ಅಕ್ಕ ಮೆಟ್ಟಿಲು ತಪ್ಪಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಆಸ್ಪತ್ರೆಯ ಹಾಸಿಗೆಯಿಂದಲೇ ನನಗೆ ಫೋನು ಮಾಡಿದಳು. ಬಿದ್ದದ್ದನ್ನು ಹೇಳಲಿಲ್ಲ. ಪಿಸುದನಿಯಲ್ಲಿ ಹೆಸರು ಹೇಳಿದಳು. ಎರಡು ಸಲ ನನ್ನ ಬಾಯಿಂದ ಹೇಳಿಸಿದಳು.

"ಬರಕೊಂಡಿ? ಈಗ ಖಾತೆ ಮಾಡಿಕೊಡ್ತಾರ ಹೌದಿಲ್ಲ?"

"ಹೂಂ ಅಕ್ಕಾ."

"ಬಾಳ ಛಲೋ ಆತು ನೋಡು."

ಬಿದ್ದ ಸುದ್ದಿ ಹದಿನೈದು ದಿನದ ಮೇಲೆ ಮಾವನಿಂದ ತಿಳಿಯಿತು. ಅಕ್ಕ ಎದ್ದು ಓಡಾಡಿದಳು, ಆದರೆ ಕುಂಟುತ್ತ. ನೆಲದ ಮೇಲೆ ಕಾಲು ಮಡಿಚಿ ಕೂರಲು ಆಗಲೇ ಇಲ್ಲ. ರಾಟೆಯನ್ನು ಬೇರೆಯವರಿಗೆ ಕೊಟ್ಟರು. ಬೆರಳಿನ ಗೆರೆ ಮಾಸಿದ್ದು ಹೀಗೆ.

ಗುಟ್ಟಿನ ಮಾತು ಎಂದು ನಾನು ಒಮ್ಮೆ ಬಾಯಿ ತಪ್ಪಿ ಅಂದಿದ್ದೆ. ಅಕ್ಕ ಅದನ್ನು ವ್ರತದ ಹಾಗೆ ಹಿಡಿದಳು. ಎರಡು ವರ್ಷಕ್ಕೊಮ್ಮೆ ನಾನು ರಜೆಗೆ ಬಂದಾಗ ಮಾವನ ದೂರು ಒಂದೇ.

"ಏನೋ, ನಿಮ್ಮಕ್ಕ ನನಗೂ ಹೇಳವಲ್ಲಳಲ್ಲೋ. ಮೂವತ್ತ ವರ್ಷ ಸಂಸಾರ ಮಾಡೇನಿ, ಅತ್ತಿ ಹೆಸರ ಕೇಳಿದ್ರ, ನಿಮಗ್ಯಾಕ ಅಂತಾಳ."

"ನಿಮ್ಮ ಬಾಯಿ ಚಹಾದಂಗಡಿ ಬಾಗಿಲಾ. ನಿಮಗ ಹೇಳಿ ನನ್ನ ತಮ್ಮನ ಖಾತೆ ಖಾಲಿ ಮಾಡಸಲ್ಯೇನ?" ಎಂದು ಅಕ್ಕ ಒಳಗಿನಿಂದ ಕೂಗುವಳು.

ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗಲೂ ಅವ್ವನ ಹೆಸರು ಬಂದಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಒಂದು ಸಲ ನನ್ನ ಪಕ್ಕದಲ್ಲಿ ಬಂದು ಕುರ್ಚಿಯ ಮೇಲೆ ಕೂತು ಕೇಳಿದಳು.

"ಬ್ಯಾಂಕಿನವ್ರು ಕೇಳ್ತಾರೇನೋ ಈಗೂ?"

"ಯಾವಾಗರೆ ಒಮ್ಮೆ ಕೇಳ್ತಾರ."

"ನೀ ಹೇಳ್ತಿ?"

"ಹೇಳ್ತೇನಿ."

ಅವಳು ಮುಖ ಅತ್ತ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಊರ ಮುಳುಗೇತಿ, ಮನಿ ಮುಳುಗೇತಿ. ಹೆಸರ ಅಷ್ಟರ ಪರದೇಶದಾಗ ನಡ್ಯಾಕತ್ತೈತಿ ನೋಡು" ಎಂದಳು.

ಆಗಲಾದರೂ ಹೇಳಬಹುದಿತ್ತು. ಗಂಟು ಹಾಕುವ ಜಾಗ ಅದೇ ಆಗಿತ್ತು. ನನ್ನ ಬಾಯಿ ತೆರೆದದ್ದೂ ನಿಜ. ಆದರೆ ಅವಳ ಮುಖದಲ್ಲಿದ್ದುದನ್ನು ನೋಡಿ, ಇದನ್ನು ಕಿತ್ತುಕೊಳ್ಳಲು ನಾನು ಯಾರು ಎನಿಸಿತು. ದಯೆಯಿಂದ ಸುಮ್ಮನಾದೆನೋ, ಹೇಡಿತನದಿಂದಲೋ ತಿಳಿಯದು. ಆ ರಜೆ ಹಾಗೇ ಮುಗಿಯಿತು, ಮುಂದಿನದೂ ಹಾಗೇ.

ಹೋದ ವರ್ಷ ಕಬ್ಬು ನುರಿಸುವ ಹಂಗಾಮಿನಲ್ಲಿ ಅಕ್ಕ ಎದೆನೋವೆಂದು ಮಲಗಿದವಳು ಏಳಲಿಲ್ಲ. ನಾನು ಬಂದು ಮುಟ್ಟುವ ಹೊತ್ತಿಗೆ ಮೂರನೆಯ ದಿನ. ಮಾವ ಅವಳ ಬಟನ್ ಫೋನನ್ನು ನನ್ನ ಕೈಗಿಟ್ಟು, "ಹೆಸರ ನಿನಗ ಅಷ್ಟ ಗೊತ್ತೈತಿ ಈಗ" ಎಂದ. ಹೆಸರು ಹೇಳಿದ ಆ ಮುದುಕಿಯೂ ಅಷ್ಟರಲ್ಲಿ ತೀರಿಕೊಂಡಿದ್ದಳು. ಮೂವತ್ತೆಂಟು ವರ್ಷದ ಹಿಂದೆ ಹೋದ ಅವ್ವನನ್ನು ಹೆಸರು ಹಿಡಿದು ಕರೆಯಬಲ್ಲವನು ನಾನೊಬ್ಬನೇ ಉಳಿದಿದ್ದೆ, ಮತ್ತು ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ.

ತಿರುಗಿ ಯುಗಾಂಡಾಕ್ಕೆ ಹೋದ ಮೇಲೆ ಯಾವುದೋ ಕೆಲಸಕ್ಕೆ ಬ್ಯಾಂಕಿಗೆ ಫೋನು ಮಾಡಬೇಕಾಯಿತು. ಎಂದಿನಂತೆ ಕೇಳಿದರು: ತಾಯಿಯ ಮದುವೆಗಿಂತ ಮೊದಲಿನ ಹೆಸರು? ಎಂಟು ವರ್ಷ ಯೋಚನೆಯಿಲ್ಲದೆ ರಾಣಿ ಎಂದು ಬಂದ ನಾಲಿಗೆ ಆ ದಿನ ಏಳಲಿಲ್ಲ. ಅಕ್ಕ ತಂದ ಹೆಸರನ್ನು ಹೇಳಿದೆ. ಸರಿಯಿಲ್ಲ, ಇನ್ನೊಮ್ಮೆ ಹೇಳಿ ಎಂದರು. ಅದನ್ನೇ ಹೇಳಿದೆ. ಇದು ಕೊನೆಯ ಸಲ, ತಪ್ಪಿದರೆ ಖಾತೆ ನಿಲ್ಲಿಸುತ್ತೇವೆ ಎಂದರು. ಸರಿಯಾದದ್ದು ನನಗೆ ಗೊತ್ತಿತ್ತು. ಮೂರನೆಯ ಸಲವೂ ಅವ್ವನ ಹೆಸರನ್ನೇ ಹೇಳಿದೆ. ಖಾತೆ ನಿಂತಿತು.

ಪಾಸ್‌ಪೋರ್ಟು ಹಿಡಿದುಕೊಂಡು ಬ್ಯಾಂಕಿಗೆ ಹೋದೆ. ಆ ಹುಡುಗಿ ಅಲ್ಲಿರಲಿಲ್ಲ, ಒಬ್ಬ ತರುಣ ಇದ್ದ. ಗುಮಾಸ್ತರೂ ಜೊತೆಗಿರಲಿಲ್ಲ, ಈಗ ನನಗೆ ಹರಕು ಮುರುಕು ಇಂಗ್ಲಿಷು ಬರುತ್ತದೆ. ತಿಳಿಯದ್ದನ್ನು ಕೇಳಿದೆ. ಅವನು ಒಂದು ಕಾಗದ ಕೊಟ್ಟ. ಹೊಸ ಉತ್ತರದ ಜಾಗದಲ್ಲಿ ಅವ್ವನ ತೊಟ್ಟಿಲ ಹೆಸರನ್ನು ಒಂದೊಂದೇ ಅಕ್ಷರ ನಿಲ್ಲಿಸಿ ಬರೆದೆ. ಇಲ್ಲಿ ಅದನ್ನು ಬರೆಯುವುದಿಲ್ಲ. ಅಕ್ಕ ಅಷ್ಟು ವರ್ಷ ಕಾಯ್ದದ್ದು, ಇನ್ನು ಮುಂದೆ ನಾನು ಕಾಯಬೇಕು.

ಕೆಳಗೆ ಬದಲಾವಣೆಗೆ ಕಾರಣ ಎಂದು ಒಂದು ಸಾಲು ಇತ್ತು. ಖಾಲಿ ಬಿಟ್ಟರೂ ನಡೆಯುತ್ತದೆ ಎಂದ ತರುಣ. ನಾನು ಬಿಡಲಿಲ್ಲ. ಅವನಿಗೇ ಹೇಳಿ ಬರೆಸಿದೆ: ಮೊದಲು ಕೊಟ್ಟದ್ದು ನಮ್ಮ ನಾಯಿಯ ಹೆಸರು.

ಅವನು ನಗಲು ಹೊರಟವನು ನನ್ನ ಮುಖ ನೋಡಿ ನಿಂತ. ಕಾಗದವನ್ನು ತಿರುಗಿಸಿ, ಸಹಿ ಮಾಡಬೇಕಾದ ಜಾಗಕ್ಕೆ ಬೆರಳಿಟ್ಟು ತೋರಿಸಿದ.